ಮಕಾಡೆ ಮಲಗಿದ ಹೊಸ್ತಿಲು

ನಮ್ಮ ನಡುಮನೆಯ ಗೂಡಿನಲ್ಲಿ ಒಂದು ಮರದ ಪೆಟ್ಟಿಗೆಯಿದೆ. ಬೆಳಿಗ್ಗೆ ಎದ್ದು ಅದರ ಮುಚ್ಚಳ ತೆಗೆದರೆ ಮೊದಲು ಹಳೆಯ ಅರಿಶಿನದ ವಾಸನೆ, ಅದರ ಹಿಂದೆಯೇ ಬೇವಿನ ಮರದ ಸಣ್ಣ ಕಹಿ ಮೂಗಿಗೆ ಬರುತ್ತದೆ. ಮುಚ್ಚಳ ತೆಗೆಯುವುದು ಅಮ್ಮನ ಕೆಲಸ. ಪಾವಗಡದಲ್ಲಿರುವ ನನ್ನ ತಂಗಿ ಕಾಲು ಉಳುಕಿಸಿಕೊಂಡಳೆಂದು ಅಮ್ಮ ಅಲ್ಲಿಗೆ ಹೋದಮೇಲೆ ಅದು ನನ್ನ ಪಾಲಿಗೆ ಬಂದಿದೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತುಕೊಂಡೇ ಅಪ್ಪಣೆಯಾಗಿತ್ತು: "ಮಾಡ್ದೋನು ನೀನು, ತೆಗೆಯೋದೂ ನಿಂದೇ ಕೆಲ್ಸ. ಮರ್ತುಗಿರ್ತೀಯ."

ಮಾಡಿದವನು ಎಂಬ ಮಾತು ಕಿವಿಗೆ ಹಿತವಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ. ನಾನು ಹೊಡೆದ ಮೊಳೆಗೆ ಕ್ಯಾಲೆಂಡರ್ ತೂಗುಹಾಕಿದರೆ ತಿಂಗಳು ಮುಗಿಯುವ ಮೊದಲೇ ಎರಡೂ ಕೆಳಗೆ ಬಂದಿರುತ್ತವೆ. ಅಂಥವನ ಹೆಸರಿಗೆ ಒಂದು ಪೆಟ್ಟಿಗೆ ಅಂಟಿಕೊಂಡಿದ್ದು ಹೇಗೆ ಎಂದು ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ.

ಗೌಡಗೆರೆಯ ನಮ್ಮ ಹಳೇ ಮಣ್ಣಿನ ಮನೆ ಕೆಡವಿ, ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದ ಕಾಲದ ಮಾತು. ಹಳೇ ಮನೆಗೆ ಬೇವಿನ ಮರದ ಹೊಸ್ತಿಲಿತ್ತು. ಅಮ್ಮ ದಿನಾ ಅದನ್ನು ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟಮೇಲೇ ಮಿಕ್ಕ ಕೆಲಸ. ಅದರ ಮೇಲೆ ಕೂರುವಂತಿಲ್ಲ, ತುಳಿಯುವಂತಿಲ್ಲ. ದಾಟುವಾಗ ಸೀನು ಬಂದರೆ ವಾಪಸ್ ಬಂದು ನೀರು ಕುಡಿದು ಹೋಗಬೇಕು. ನೆಗಡಿಯಾದ ದಿನ ನಾನು ಸ್ಕೂಲು ತಲುಪುತ್ತಿದ್ದುದೇ ಎರಡನೇ ಪೀರಿಯಡ್ಡಿಗೆ. ಹೊಸ ಮನೆಗೆ ಗ್ರಾನೈಟ್ ಹೊಸ್ತಿಲು ಬಂತು. ಹಳೆಯದನ್ನು ಮೇಸ್ತ್ರಿ ಕಿತ್ತು ಹುಣಸೆಮರದ ಕೆಳಗೆ ಎಸೆದಿದ್ದ. ಗೋಡೆಯೊಳಗಿದ್ದ ಎರಡೂ ತುದಿ ಲಡ್ಡಾಗಿ ಪುಡಿ ಉದುರುತ್ತಿದ್ದವು, ನಡುವೆ ಮೊಳದುದ್ದ ಮಾತ್ರ ಗಟ್ಟಿಯಿತ್ತು.

ಅಮ್ಮ ಅದರ ಪಕ್ಕದಲ್ಲೇ ನಿಂತು ಹೇಳಿದಳು, "ಮದ್ವೆಯಾಗಿ ನಾನು ಈ ಹೊಸ್ಲು ದಾಟಿ ಬಂದೋಳು. ಇದು ಆಚೆ ಬಿದ್ದಿದ್ರೆ ನಾನೂ ಆಚೆನೇ. ಒಳಕ್ಕೆ ಬರಲ್ಲ ಕಣ್ಲಾ."

ಮೇಸ್ತ್ರಿ ನಕ್ಕ, ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಅಮ್ಮ ಒಂದು ಸಲ ಹೇಳಿದರೆ ಮುಗಿಯಿತು. ಕರೆಯೋಲೆಯನ್ನು ಕೈಗೆ ಕೊಡದೆ ಕಿಟಕಿಯಲ್ಲಿಟ್ಟು ಹೋದರೆಂದು ಸ್ವಂತ ತಮ್ಮನ ಮಗಳ ಮದುವೆಗೇ ಹೋಗದೆ ಕೂತವಳು. ಗೃಹಪ್ರವೇಶದ ದಿನ ಹಾಲು ಉಕ್ಕಿಸಬೇಕಾದವಳೂ ಅವಳೇ. ಮನೆಯೊಡತಿಯನ್ನು ಬೀದಿಯಲ್ಲಿ ನಿಲ್ಲಿಸಿ ಯಾವ ಸೀಮೆಯ ಪ್ರವೇಶ? ಆ ಗಾಬರಿಯಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು: "ಅದರಲ್ಲಿ ನಿಂಗೆ ಕುಂಕುಮದ ಪೆಟ್ಟಿಗೆ ಮಾಡ್ತೀನಿ. ಹೊಸ್ಲು ನಿನ್ ಜೊತೇಲೇ ಒಳಕ್ಕೆ ಬರ್ತೈತೆ."

ಅಮ್ಮ ನನ್ನ ಕೈಗಳನ್ನು ನೋಡಿದಳು. "ನೀನಾ?" ಎಂದಳು.

ಸಿರಾದಲ್ಲಿ ನನ್ನ ಸ್ಕೂಲಿನ ಗೆಳೆಯ ರಹಮತ್‌ನದು ಬಾಗಿಲು ಕಿಟಕಿ ಮಾಡುವ ಅಂಗಡಿ. ಹೊಸ್ತಿಲನ್ನು ಹೆಗಲ ಮೇಲೆ ಹೊತ್ತು ಒಳಗೆ ಹೋದೆ. "ಅರೆ ಯಾರ್, ಸೌದೆ ತಂದಿದ್ದೀಯಲ್ಲೋ" ಎಂದು ಬರಮಾಡಿಕೊಂಡ. ವಿಷಯ ಕೇಳಿದಮೇಲೆ ಅವನಿಗೆ ನನಗಿಂತ ಹೆಚ್ಚು ಹುರುಪು. ಮಿಷನ್ನಿಗೆ ಕೊಟ್ಟು ಹಲಗೆ ಸೀಳಿಸಿದೆವು. ಒಳಗಿನ ಮರ ಜೋನಿಬೆಲ್ಲದ ಬಣ್ಣ. ಇಷ್ಟು ವರ್ಷ ಇದು ಅರಿಶಿನದ ಅಡಿಯಲ್ಲಿ ಅಡಗಿ ಕೂತಿತ್ತಲ್ಲ ಎಂದು ಇಬ್ಬರೂ ಅದನ್ನು ಸವರಿದ್ದೇ ಸವರಿದ್ದು. ಗರಗಸ ಹಿಡಿಯಲು ರಹಮತ್ ನನ್ನನ್ನು ಬಿಡಲಿಲ್ಲ. ಉಪ್ಪುಕಾಗದ ಕೊಟ್ಟು, "ಉಜ್ತಾ ಇರು, ಬೆರಳು ಉಳೀತವೆ" ಎಂದ. ಉಜ್ಜಿದೆ. ಮಾಡಿದವನು ನಾನೇ ಎಂಬ ಖ್ಯಾತಿಗೆ ಆಧಾರ ಇಷ್ಟೇ.

ಮುಚ್ಚಳದ ಹಲಗೆ ಬಂದಾಗ ಸ್ವಲ್ಪ ಚರ್ಚೆಯಾಯಿತು. ಅದರ ಒಂದು ಮಗ್ಗುಲು ಹೊಸದಾಗಿ ಸೀಳಿದ್ದು, ಹೊಳೆಯುತ್ತಿತ್ತು. ಇನ್ನೊಂದು ಮಗ್ಗುಲು ಅಮ್ಮ ಪೂಜೆ ಮಾಡಿದ್ದು, ಅರಿಶಿನ ಕುಂಕುಮ ಇಂಗಿ ಕಪ್ಪಗೆ ಗಟ್ಟಿಯಾಗಿತ್ತು. ಅದನ್ನು ಕೆತ್ತಿ ತೆಗೆಯೋಣವೆಂದ ರಹಮತ್. ಬೇಡಪ್ಪ, ಅಮ್ಮ ಕೊಂದುಬಿಡುತ್ತಾಳೆ ಎಂದೆ. ಹಾಗಾದರೆ ಒಳಗಡೆಗೆ ಬರಲಿ, ಬಣ್ಣವೂ ಮಾಸುವುದಿಲ್ಲ, ಹೊರಗಡೆಗೆ ಅಂದವಾದ ಮಗ್ಗುಲು ಎಂದು ತೀರ್ಮಾನವಾಯಿತು. ಎಂಥ ಐಡಿಯಾ ಎಂದು ಇಬ್ಬರೂ ಒಂದೊಂದು ಟೀ ಹೆಚ್ಚಿಗೆ ಕುಡಿದೆವು.

ಗೃಹಪ್ರವೇಶದ ಬೆಳಿಗ್ಗೆ ಹಸು ಒಳಗೆ ಹೋಯಿತು, ಕರು ಹೋಯಿತು, ಪುರೋಹಿತರು ಹೋದರು. ಅಪ್ಪ ಎಲ್ಲರಿಗಿಂತ ಮೊದಲೇ ಹೋಗಿ ಹೊಸ ಫ್ಯಾನಿನ ಕೆಳಗೆ ಕೂತಿದ್ದರು. ಅಮ್ಮ ಚಪ್ಪರದಲ್ಲೇ ನಿಂತಿದ್ದಳು. ನಾನು ಪೆಟ್ಟಿಗೆ ಕೊಟ್ಟೆ. ಅಕ್ಕಪಕ್ಕದವರೆಲ್ಲ ಚೆನ್ನಾಗಿದೆ ಚೆನ್ನಾಗಿದೆ ಎಂದರು. ಅಮ್ಮ ಹೊರಳಿಸಿ ನೋಡಿದಳು.

"ಕುಂಕುಮ ಇಡ್ತಿದ್ದ ಕಡೆ ಎಲ್ಲೈತೆ?"

"ಒಳಗಡೆ ಐತೆ ಕಣಮ್ಮ. ಮಾಸಬಾರ್ದು ಅಂತ."

"ಅಂದ್ರೆ ಹೊಸ್ಲನ್ನ ಮಕಾಡೆ ಮಲಗಿಸಿದ್ದೀಯ." ಅಮ್ಮನ ದನಿ ಏರಲಿಲ್ಲ, ಕಣ್ಣು ಮಾತ್ರ ತುಂಬಿತು. ಮುಹೂರ್ತ ಮೀರುತ್ತಿದೆಯೆಂದು ಪುರೋಹಿತರು ಕೂಗಿದರು. ಹಾಲು ಕೆಡುತ್ತದೆ ಎಂದು ಅಪ್ಪ ಫ್ಯಾನಿನ ಕೆಳಗಿಂದಲೇ ಕೂಗಿದರು. ಊಟಕ್ಕೆ ಬಂದಿದ್ದ ರಹಮತ್ ಹೊಸ ಜುಬ್ಬದ ತೋಳು ಮಡಚಿ, "ಅಮ್ಮಾ, ಒಂದು ಸ್ಕ್ರೂಡ್ರೈವರ್ ಕೊಡ್ಸಿ, ಕೀಲು ಬಿಚ್ಚಿ ತಿರುಗಿಸಿ ಹಾಕ್ಬುಡ್ತೀನಿ" ಎಂದು ಅಂಗಲಾಚಿದ.

ಅಮ್ಮ ಮುಚ್ಚಳ ಎತ್ತಿದಳು. ರಹಮತ್‌ನ ಹಿತ್ತಾಳೆ ಕೀಲು ಧಾರಾಳವಾಗಿ ತಿರುಗಿತು, ಮುಚ್ಚಳ ಪೂರ್ತಿ ಹಿಂದಕ್ಕೆ ಹೋಗಿ ಅವಳ ಅಂಗೈ ಮೇಲೆ ಅಂಗಾತ ಮಲಗಿತು. ಕುಂಕುಮದ ಮುಖ ಆಕಾಶ ನೋಡುತ್ತಿತ್ತು. ಅಮ್ಮ ಅದನ್ನು ಹೆಬ್ಬೆರಳಲ್ಲಿ ಒಂದು ಸಲ ಸವರಿದಳು.

"ತೆಗೆದಿದ್ರೆ ಎದ್ದಿರ್ತೈತೆ, ಮುಚ್ಚಿದ್ರೆ ಮಲಗ್ತೈತೆ. ಇರ್ಲಿ ಬುಡು, ಅದಕ್ಕೂ ವಯಸ್ಸಾಯ್ತು" ಎಂದಳು. ತೆರೆದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಲಗಾಲಿಟ್ಟು ಗ್ರಾನೈಟು ದಾಟಿದಳು. ರಹಮತ್ ಕಣ್ಣೊರೆಸಿಕೊಂಡು, ಹೊಗೆ ಜಾಸ್ತಿ ಎಂದ. ಒಲೆ ಇನ್ನೂ ಹಚ್ಚಿರಲಿಲ್ಲ.

ಅಂದಿನಿಂದ ಹೊತ್ತು ಹುಟ್ಟಿದರೆ ಮುಚ್ಚಳ ತೆಗೆಯಬೇಕು, ಮಲಗುವಾಗ ಮುಚ್ಚಬೇಕು. ಹಗಲೆಲ್ಲ ತೆರೆದಿರುವ ಪೆಟ್ಟಿಗೆಯಾದ್ದರಿಂದ ಕುಂಕುಮದ ಭರಣಿಯ ಸುತ್ತ ಅಪ್ಪನ ಬಿಪಿ ಮಾತ್ರೆ, ರಬ್ಬರ್ ಬ್ಯಾಂಡು, ಬಸ್ ಟಿಕೆಟ್ಟು, ಯಾವುದೋ ಬೀಗದ ಕೀಲಿ ಎಲ್ಲ ಬಂದು ಸೇರಿಕೊಂಡಿವೆ. ಅಮ್ಮ ಬೈಯುವುದಿಲ್ಲ. ಮನೆ ಅಂದಮೇಲೆ ಜನ ಬರ್ತಾರೆ ಎನ್ನುತ್ತಾಳೆ.

ನಾನು ಇದನ್ನೆಲ್ಲ ಅವಳ ಗೀಳು ಎಂದೇ ತಿಳಿದಿದ್ದೆ. ಇವತ್ತು ಬೆಳಿಗ್ಗೆ ಮುಚ್ಚಳ ತೆಗೆದಾಗ ಆ ಕಪ್ಪು ಹಲಗೆ ಒಣಗಿ ಬಿಳಿಚಿಕೊಂಡಂತೆ ಕಂಡಿತು. ಅಮ್ಮ ಪಾವಗಡಕ್ಕೆ ಹೋದಮೇಲೆ ಅದಕ್ಕೆ ಯಾರೂ ಅರಿಶಿನ ಕುಂಕುಮ ಇಟ್ಟಿಲ್ಲ. ಗಂಡಸರ ಕೆಲಸವಲ್ಲವೆಂದು ಗೊತ್ತು. ಅಪ್ಪ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅರಿಶಿನ ಬಳಿದೆ, ಸೊಟ್ಟಗೆ ಒಂದು ಬೊಟ್ಟಿಟ್ಟೆ. ಅಷ್ಟರಲ್ಲಿ ಅಮ್ಮನ ಫೋನು. ನನ್ನ ಆರೋಗ್ಯ, ಅಪ್ಪನ ಮಾತ್ರೆ, ಯಾವುದನ್ನೂ ಕೇಳಲಿಲ್ಲ.

"ತೆಗ್ದೇನ್ಲಾ?"

"ತೆಗ್ದೆ ಕಣಮ್ಮ. ಎದ್ದೈತೆ." ಬೆರಳಿನ ಕುಂಕುಮ ಫೋನಿಗೆಲ್ಲ ಮೆತ್ತಿತ್ತು. "ನೀನು ಯಾವಾಗ ಬರ್ತೀಯ?"