ತಾರೀಕಿಲ್ಲದ ರಾಜೀನಾಮೆ

ನಾನು ಕೆಲಸಕ್ಕೆ ಸೇರಿದ ದಿನವೇ ರಾಜೀನಾಮೆ ಕೊಟ್ಟವಳು.

ನಗಬೇಡಿ, ತಮಾಷೆಯಲ್ಲ. ಅಹಮದಾಬಾದಿನ ಮಣಿನಗರದಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಖಾಸಗಿ ಹೈಸ್ಕೂಲಿನಲ್ಲಿ ಅದೇ ಪದ್ಧತಿ. ಮೊದಲ ದಿನ ಗುಮಾಸ್ತರು ಎರಡು ಕಾಗದ ಮುಂದಿಡುತ್ತಾರೆ. ಒಂದು, ಕೆಲಸಕ್ಕೆ ಸೇರಿದ್ದೇನೆ ಎಂಬ ಪತ್ರ. ಇನ್ನೊಂದು, ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ ಎಂಬ ಪತ್ರ. ಎರಡಕ್ಕೂ ಸಹಿ ಹಾಕಬೇಕು. ಎರಡನೆಯದರಲ್ಲಿ ತಾರೀಕಿನ ಜಾಗ ಮಾತ್ರ ಖಾಲಿ.

“ಅದು ಹಾಗೇ ಇರಲಿ ಬೆನ್. ಬರೀ ಫಾರ್ಮಾಲಿಟಿ” ಎಂದರು ಗುಮಾಸ್ತರು. (ಇಲ್ಲಿ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕತಂಗಿಯರು. ಅಕ್ಕತಂಗಿಯರ ಕೈಲಿ ಹೀಗೂ ಬರೆಸಿಕೊಳ್ಳುತ್ತಾರೆ ನೋಡಿ.)

ತಾರೀಕು ಹಾಕುವುದು ಅವರ ಕೆಲಸ. ಯಾವಾಗ ನೀವು ಬೇಡವಾಗುತ್ತೀರೋ ಆವಾಗ. ನಾಲ್ಕು ವರ್ಷದ ಹಿಂದೆ ನಾನೂ ಸಹಿ ಹಾಕಿದೆ. ಬಿ.ಎ., ಬಿ.ಟಿ. ಪಾಸಾದವಳು! ಓದದೆ ಹಾಕಿದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಓದಿಯೇ ಹಾಕಿದೆ.

ಯಾಕೆ? ಪರಊರು. ಉಡುಪಿಯಲ್ಲಿರುವ ನನ್ನ ಅಮ್ಮ ಈಗಲೂ ಕಾಗದದಲ್ಲಿ ‘ಪರದೇಶದಲ್ಲಿರುವ ಮಗಳಿಗೆ’ ಎಂದೇ ಶುರುಮಾಡುವುದು. ಅಮ್ಮಾ, ಗುಜರಾತು ಭಾರತದಲ್ಲೇ ಉಂಟು ಎಂದು ಎಷ್ಟು ಸಲ ಬರೆದರೂ ಅಷ್ಟೆ. ಈಗ ಯೋಚಿಸಿದರೆ ಅಮ್ಮ ಹೇಳುವುದರಲ್ಲಿ ತಪ್ಪೇನಿಲ್ಲ. ಭಾಷೆ ಸರಿಯಾಗಿ ಬಾರದ, ನಮ್ಮವರೆನ್ನುವವರಿಲ್ಲದ ಊರಿನಲ್ಲಿ ತಲೆ ತಗ್ಗಿಸಿ ಸಹಿ ಹಾಕುವುದು ಸುಲಭ.

ಆದರೆ ಅದೇ ದಿನ, ಅದೇ ಬೆಂಚಿನಲ್ಲಿ ನನ್ನ ಪಕ್ಕ ಕುಳಿತು ಹಂಸಾಬೆನ್ ಕೂಡ ಸಹಿ ಹಾಕಿದಳಲ್ಲ! ಅವಳಿಗೇನು ಪರದೇಶ? ಸೂರತ್ತಿನ ಹುಡುಗಿ, ವಿಜ್ಞಾನದ ಟೀಚರು. (ಈ ಅಂಕಣದ ಓದುಗರಿಗೆ ಹೊಸಬಳಲ್ಲ. ಹೋದ ಚಳಿಗಾಲದಲ್ಲಿ ನನಗೆ ಊಂಧಿಯು ಎಂಬ ಇಲ್ಲಿನ ತರಕಾರಿ ಪಲ್ಯ ಮಾಡುವುದು ಕಲಿಸಲು ಬಂದು ನನ್ನ ದೊಡ್ಡ ಪಾತ್ರೆಯ ತಳ ಹಿಡಿಸಿದವಳು ಅವಳೇ.) ಸೂರತ್ತಿನವರ ಬಾಯಿ ಎಂದರೆ ಗುಜರಾತಿಗೆಲ್ಲ ಪ್ರಸಿದ್ಧ. ಪ್ರೀತಿ ಬಂದರೂ ಬೈಗುಳ, ಸಿಟ್ಟು ಬಂದರೂ ಬೈಗುಳ.

ಹೋದ ತಿಂಗಳು ಒಂದು ಬೆಳಿಗ್ಗೆ ಆ ಬಾಯಿಗೆ ಬೀಗ ಬಿದ್ದಿತ್ತು. ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಕಾಗದ ಹಿಡಿದು ಕುಳಿತಿದ್ದಳು. ‘ನಿಮ್ಮ ರಾಜೀನಾಮೆಯನ್ನು ಅಂಗೀಕರಿಸಲಾಗಿದೆ. ಈ ಶನಿವಾರ ನಿಮ್ಮನ್ನು ಬಿಡುಗಡೆ ಮಾಡಲಾಗುವುದು.’

“ನೀನು ಯಾವಾಗ ರಾಜೀನಾಮೆ ಕೊಟ್ಟೆ ಮಾರಾಯ್ತಿ?” ಎಂದೆ. (ಮಾರಾಯ್ತಿ ಎಂಬ ಒಂದು ಶಬ್ದ ಅವಳಿಗೆ ಕಲಿಸಿದ್ದೇನೆ.)

“ಕೊಟ್ಟಿಲ್ಲ. ಹೆರಿಗೆಗೆ ರಜೆ ಕೇಳಿದ್ದೆ, ಅಷ್ಟೇ.”

ಅವಳಿಗೆ ಆಗ ಆರು ತಿಂಗಳು. ರಜೆ ಕೇಳಿದ್ದಕ್ಕೆ ಹಳೆಯ ಕಾಗದ ಹೊರಗೆ ಬಂದಿದೆ, ತಾರೀಕು ಬಿದ್ದಿದೆ, ಸುಖಾಂತ್ಯ! ಯಾರೂ ಯಾರನ್ನೂ ತೆಗೆದುಹಾಕಿಲ್ಲ. ಅವಳೇ ಬಿಟ್ಟಿದ್ದಾಳೆ, ಸ್ವಂತ ಕಾರಣಗಳಿಂದ.

“ನಮ್ಮ ಅತ್ತೆಗೆ ಖುಷಿ. ಇನ್ನು ಮನೆಯಲ್ಲೇ ಇರು ಅಂತಾರೆ. ನನ್ನಿಂದಾಗಲ್ಲ ಸರಸ್ವತಿಬೆನ್. ನನಗೆ ನನ್ನ ಕ್ಲಾಸು ಬೇಕು” ಎಂದು ಅತ್ತಳು. ಯಾರಿಗೂ ಒಂದು ಬೈಗುಳ ಹಾಕದೆ ಅತ್ತಳು. ನನಗೆ ಮೈಯೆಲ್ಲ ಉರಿದುಹೋಯಿತು.

ಅದೇ ವಾರ ನಮ್ಮನೆಗೂ ಒಂದು ಕಾಗದ ಬಂದಿತ್ತು. ರೈಲ್ವೆಯಲ್ಲಿ ಗುಮಾಸ್ತರಾಗಿರುವ ನನ್ನ ಯಜಮಾನರಿಗೆ ಬರೋಡಾಕ್ಕೆ ವರ್ಗ. ಅಂದರೆ ನಾನೂ ಹೇಗಿದ್ದರೂ ಕೆಲಸ ಬಿಡುವವಳೇ. ಸುದ್ದಿ ಶಾಲೆಯಲ್ಲೂ ಹಬ್ಬಿತ್ತು. ನಿಜವಾದ ರಾಜೀನಾಮೆ ಬರೆಯಬೇಕು.

ಹಂಸಾಳ ವಿಷಯ ಹೇಳಿದಾಗ ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. “ನಿನಗೆ ಎಂತಕ್ಕೆ ಊರ ಉಸಾಬರಿ? ಅನುಭವದ ಸರ್ಟಿಫಿಕೇಟ್ ಕೊಡುವವರು ಅವರೇ ಅಲ್ವಾ? ಅದಿಲ್ಲದೆ ಬರೋಡಾದಲ್ಲಿ ಯಾರು ಕೆಲಸ ಕೊಡ್ತಾರೆ?”

ಮಾತು ಸರಿಯೇ. ಸರಿಯಾದ ಮಾತು ಕೇಳಿದಾಗ ನನಗೆ ಇನ್ನೂ ಸಿಟ್ಟು ಬರುತ್ತದೆ, ಏನು ಮಾಡಲಿ?

ಕೆಳಗಿನ ಮನೆಯ ಜೀವಣಭಾಯಿಗೂ ಹೇಳಿದೆ. ಬಟ್ಟೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುವವರು, ಅಕ್ಷರ ಬಾರದವರು. ಮೊದಲು ನಂಬಲಿಲ್ಲ. ಆಮೇಲೆ ನಕ್ಕುಬಿಟ್ಟರು. “ತಾರೀಕಿಲ್ಲದ ಕಾಗದಕ್ಕೆ ಸಹಿಯೇ? ಹೆಬ್ಬೆಟ್ಟು ಒತ್ತುವ ನಾವೂ ಯೂನಿಯನ್ನಿನವರಿಂದ ಓದಿಸದೆ ಒತ್ತುವುದಿಲ್ಲ ಬೆನ್!”

ಮುಖಕ್ಕೆ ಹೊಡೆದ ಹಾಗಾಯಿತು. ಮಿಲ್ಲಿನ ಕಾರ್ಮಿಕರು ಗೇಟಿನ ಮುಂದೆ ಕೂಗಿದರೆ ನಾವು ಮೇಷ್ಟ್ರುಗಳು ಮೂಗು ಮುರಿಯುತ್ತೇವೆ. ನಾವು ಕಾರ್ಮಿಕರಲ್ಲವಂತೆ, ಗುರುಗಳಂತೆ! ಗುರುಪೂರ್ಣಿಮೆಗೆ ಒಂದು ಹಾರ ಹಾಕಿಸಿಕೊಂಡು ಉಳಿದ ದಿನವೆಲ್ಲ ಬಾಯಿ ಮುಚ್ಚಿಕೊಂಡಿರುತ್ತೇವೆ.

ಭಾನುವಾರ ಬೆಳಿಗ್ಗೆ ಸೆಕ್ರೆಟರಿ ಶೇಠರ ಮನೆಗೆ ಹೋದೆ, ಬ್ಯಾಗಿನಲ್ಲಿ ನನ್ನ ರಾಜೀನಾಮೆ ಇಟ್ಟುಕೊಂಡು. ನಮ್ಮ ಶಾಲೆಯ ಆಡಳಿತವೆಲ್ಲ ಶೇಠರದೇ. ಜಗಲಿಯಲ್ಲಿ ತೂಗುಮಣೆಯ ಮೇಲೆ ಕುಳಿತು ಸಾಸರಿನಲ್ಲಿ ಚಹಾ ಕುಡಿಯುತ್ತಿದ್ದರು. ಕೆಟ್ಟವರಲ್ಲ ಮಾರಾಯ್ರೆ, ಇರುವೆಗೂ ಸಕ್ಕರೆ ಹಾಕುವ ಮನುಷ್ಯ. ನನಗೂ ಚಹಾ ತರಿಸಿದರು.

“ಹಂಸಾಬೆನ್ ರಾಜೀನಾಮೆ ಕೊಟ್ಟಿಲ್ಲ ಶೇಠ್‌ಜಿ” ಎಂದೆ.

“ಕೊಟ್ಟಿದ್ದಾರಲ್ಲ! ನಾವು ಬಲವಂತ ಮಾಡುವವರಲ್ಲ. ಶಾಲೆ ಅಂದರೆ ಒಂದು ಪರಿವಾರ. ಪರಿವಾರದಲ್ಲಿ ಬಲವಂತ ಇರುತ್ತದೆಯೇ?” ತೂಗುಮಣೆ ಮೆಲ್ಲಗೆ ಹಿಂದೆ ಮುಂದೆ ಹೋಗುತ್ತಿತ್ತು. ನಾನು ನಂಬುವುದಿಲ್ಲ ಎಂದು ಮುಖ ನೋಡಿಯೇ ತಿಳಿಯಿತೇನೋ, ಒಳಗಿನಿಂದ ಫೈಲು ತರಿಸಿ ಕಾಗದ ತೆಗೆದು ನನ್ನ ಕೈಗೇ ಕೊಟ್ಟರು. “ನೋಡಿ, ಅವರದೇ ಸಹಿ. ಹೋದ ತಿಂಗಳ ತಾರೀಕು.”

ನೋಡಿದೆ. ಸಹಿ ಹಂಸಾಳದೇ. ಕೆಳಗೆ ಅವಳದೇ ಅಕ್ಷರದಲ್ಲಿ ಹೆಸರು: ಕುಮಾರಿ ಹಂಸಾ ಚಿಮನ್‌ಲಾಲ್ ದೇಸಾಯಿ.

ಇಲ್ಲಿ ಒಂದು ವಿಷಯ ಹೇಳಬೇಕು. ಗುಜರಾತಿನಲ್ಲಿ ಹುಡುಗಿಯ ಹೆಸರಿನ ಜೊತೆ ಅಪ್ಪನ ಹೆಸರು, ಅಪ್ಪನ ಮನೆತನ. ಮದುವೆಯಾದ ಮೇಲೆ ಎರಡೂ ಹೋಗಿ ಗಂಡನ ಹೆಸರು, ಗಂಡನ ಮನೆತನ. ನಾನು ಬಂದ ಹೊಸತರಲ್ಲಿ ಈ ಪದ್ಧತಿಯನ್ನು ಬಯ್ಯದ ದಿನವಿಲ್ಲ. ಬರೀ ಕೆ. ಸರಸ್ವತಿ ಎಂದರೆ ಗುಮಾಸ್ತರು ಪೆನ್ನು ಎತ್ತಿ ಹಿಡಿದು ಕಾಯುತ್ತಾ ಕೂರುತ್ತಿದ್ದರು, ಗಂಡನ ಹೆಸರು ಬರುವವರೆಗೆ!

ಹಂಸಾ ಕೆಲಸಕ್ಕೆ ಸೇರಿದಾಗ ಮದುವೆಯಾಗಿರಲಿಲ್ಲ. ಮರುವರ್ಷ ಆಯಿತು. ಮೂರು ವರ್ಷದಿಂದ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳು ಹಂಸಾಬೆನ್ ರಮೇಶ್‌ಚಂದ್ರ ಮೆಹ್ತಾ. ತಾರೀಕು ಹಾಕುವ ಅವಸರದಲ್ಲಿ ಕೆಳಗಿನ ಹೆಸರನ್ನು ಯಾರೂ ಓದಿಲ್ಲ.

“ಶೇಠ್‌ಜಿ, ಈ ಕುಮಾರಿ ಯಾರು?” ಎಂದು ಕೇಳಿದೆ.

“ನಮ್ಮ ಹಂಸಾಬೆನ್.”

“ಅವಳ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಊಟ ಮಾಡಿದಿರಿ. ನಾನೂ ನಿಮ್ಮ ಹಿಂದೆಯೇ ಇದ್ದೆ. ಆರು ತಿಂಗಳ ಬಸುರಿ ಹೋದ ತಿಂಗಳು ಕುಮಾರಿ ಎಂದು ಸಹಿ ಹಾಕಿದಳೇ?”

ಶೇಠರು ಕಾಲು ನೆಲಕ್ಕೆ ಊರಿದರು. ತೂಗುಮಣೆ ನಿಂತಿತು. ಕಾಗದ ವಾಪಸು ಕೇಳಿ ಕೈ ಚಾಚಿದರು. ಕೊಟ್ಟೆ. ಅದನ್ನು ಫೈಲಿಗೆ ಸೇರಿಸಿ, ಬಹಳ ಮೃದುವಾಗಿ ಹೇಳಿದರು: “ಬೆನ್, ನೀವು ಬರೋಡಾಕ್ಕೆ ಹೋಗುವವರು. ನಿಮಗೆ ಒಳ್ಳೆಯ ಸರ್ಟಿಫಿಕೇಟ್ ಬೇಕಲ್ಲ?”

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕು ವರ್ಷದ ದುಡಿಮೆ ಆ ಒಂದು ಹಾಳೆಯಲ್ಲಿದೆ. ಆದರೆ ಮೂಲೆಯಲ್ಲಿ ಕುಳಿತು ಅಳುತ್ತಿದ್ದ ಹಂಸಾ ಕಣ್ಣ ಮುಂದೆಯೇ ಇದ್ದಳು.

“ಬೇಕು” ಎಂದೆ. “ಇಗೊಳ್ಳಿ ನನ್ನ ರಾಜೀನಾಮೆ. ತಾರೀಕು ಹಾಕಿದ್ದೇನೆ.”

ಅದರಲ್ಲಿ ಎರಡೇ ವಾಕ್ಯ. ‘ನನ್ನ ಯಜಮಾನರಿಗೆ ವರ್ಗವಾದ್ದರಿಂದ ಕೆಲಸ ಬಿಡುತ್ತಿದ್ದೇನೆ. ಕೆಲಸಕ್ಕೆ ಸೇರಿದ ದಿನ ಎಲ್ಲ ಶಿಕ್ಷಕರಂತೆ ನನ್ನಿಂದಲೂ ಬರೆಸಿಕೊಂಡ ತಾರೀಕಿಲ್ಲದ ರಾಜೀನಾಮೆಯನ್ನು ದಯವಿಟ್ಟು ಹಿಂದಿರುಗಿಸಿ.’ ಕೆಳಗೆ: ಪ್ರತಿ, ಶಿಕ್ಷಣಾಧಿಕಾರಿಗಳಿಗೆ.

“ಪ್ರತಿ ಇನ್ನೂ ಪೋಸ್ಟಿಗೆ ಹಾಕಿಲ್ಲ. ಹಂಸಾಬೆನ್ ನಾಳೆ ಕ್ಲಾಸಿಗೆ ಬರುತ್ತಾಳೆ. ಯಾರಾದರೂ ತಡೆದರೆ ಹಾಕುತ್ತೇನೆ, ಆ ಕುಮಾರಿಯ ಕತೆಯನ್ನೂ ಸೇರಿಸಿ.” ಇಷ್ಟು ಗುಜರಾತಿ ನನಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ!

ಸೋಮವಾರ ಹಂಸಾ ಒಂಬತ್ತನೆ ಕ್ಲಾಸಿಗೆ ಪಾಠ ಮಾಡಿದಳು. ಬುಧವಾರ ರಜೆ ಮಂಜೂರಾದ ಕಾಗದ ಬಂತು. ಆವತ್ತು ಸ್ಟಾಫ್ ರೂಮಿನಲ್ಲಿ ಅವಳು ಶೇಠರಿಗೆ, ಗುಮಾಸ್ತರಿಗೆ, ಕೊನೆಗೆ ಪ್ರೀತಿಯಿಂದ ನನಗೂ ಹಾಕಿದ ಬೈಗುಳಗಳನ್ನು ಸಂಪಾದಕರು ಅಚ್ಚು ಹಾಕಲಾರರು. ನನ್ನ ಹಳೆಯ ಕಾಗದ ವಾಪಸು ಬಂತು. ಉಳಿದವರಿಗೆ ನೀವೂ ಕೇಳಿ ಎಂದೆ. ನಾಲ್ಕು ಜನ ಕೇಳಿ ಪಡೆದರು. ಮಿಕ್ಕವರು “ಇರಲಿ ಬಿಡಿ, ಯಾಕೆ ಸುಮ್ಮನೆ” ಎಂದರು. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಸರ್ಟಿಫಿಕೇಟೂ ಬಂತು. ‘ಇವರು ನಾಲ್ಕು ವರ್ಷ ಕೆಲಸ ಮಾಡಿದ್ದಾರೆ.’ ಅಷ್ಟೆ. ನಡತೆಯ ಬಗ್ಗೆ ಒಂದು ಅಕ್ಷರವಿಲ್ಲ.

ಆ ಹಾಳೆ ಹಿಡಿದುಕೊಂಡೇ ಮೊನ್ನೆ ಬರೋಡಾದ ಒಂದು ಶಾಲೆಗೆ ಹೋದೆ. ಇಂಗ್ಲಿಷ್ ಟೀಚರು ತುರ್ತಾಗಿ ಬೇಕಿತ್ತಂತೆ, ನಡತೆಯನ್ನು ಯಾರೂ ಕೇಳಲಿಲ್ಲ. ಗುಮಾಸ್ತರು ಎರಡು ಕಾಗದ ಮುಂದಿಟ್ಟರು. ಎರಡನೆಯದನ್ನು ಬೆರಳಲ್ಲಿ ತೋರಿಸಿ, “ಇಲ್ಲಿ ಸಹಿ ಮಾತ್ರ ಬೆನ್, ತಾರೀಕು ಬೇಡ” ಎಂದರು.

ನಾನು ಸಹಿ ಹಾಕಿದೆ. ತಾರೀಕನ್ನೂ ಹಾಕಿದೆ, ದಪ್ಪಕ್ಷರದಲ್ಲಿ. ನನಗೆ ಐವತ್ತೆಂಟು ತುಂಬಿ ನಿವೃತ್ತಳಾಗುವ ದಿನದ್ದು. ಅದಕ್ಕೆ ಇನ್ನೂ ಇಪ್ಪತ್ತೇಳು ವರ್ಷ ಉಂಟು.

ಗುಮಾಸ್ತರು ಕಾಗದವನ್ನೂ ನನ್ನನ್ನೂ ಎರಡೆರಡು ಸಲ ನೋಡಿ ಒಳಗೆ ಎದ್ದು ಹೋದರು. ಕೆಲಸ ಸಿಕ್ಕಿತೋ ಇಲ್ಲವೋ ಇನ್ನೂ ತಿಳಿಸಿಲ್ಲ. ಸಿಗದಿದ್ದರೆ ಇನ್ನೊಂದು ಶಾಲೆಯ ಬಾಗಿಲು ತಟ್ಟುತ್ತೇನೆ. ಅಲ್ಲೂ ಅದೇ ತಾರೀಕು ಬರೆಯುತ್ತೇನೆ.

ನನ್ನದು ಹಾಗಿರಲಿ. ನಿಮಗೆ ಸಂಬಳ ಕೊಡುವವರ ಡ್ರಾಯರಿನಲ್ಲಿರುವ ನಿಮ್ಮ ಕಾಗದಕ್ಕೆ ತಾರೀಕು ಹಾಕುವವರು ಯಾರು?