ಬೆಟ್ಟದ ದಾರಿ ತಡೆದ ಚಹಾ

ನಾನು ಚಿಕ್ಕವನಿದ್ದಾಗ ಮುಂಬಯಿ ಕಡೆಯ ಕಲ್ಯಾಣದ ಸ್ಟೇಷನ್ ಹತ್ತಿರ ಅಪ್ಪನ ಸಣ್ಣ ಹೋಟೆಲ್ ಇತ್ತು. ಬೆಳಗಿನ ಮೊದಲ ಲೋಕಲ್ ರೈಲು ಬರುವ ಮುಂಚೆ ಚಹಾ ಕುದಿಯಬೇಕು. ಅದು ಅಪ್ಪನ ನಿಯಮ. ಚಹಾ ಮಾಡುತ್ತಿದ್ದವನು ಮುರಬಾಡಿನ ಆಚೆಯ ಬೆಟ್ಟದೂರಿನವನು. ನಾವು ಅವನನ್ನು ಚಹಾದಣ್ಣ ಎನ್ನುತ್ತಿದ್ದೆವು. ತಾಯಿಗೆ ಕಾಯಿಲೆ ಎಂದು ಊರಿಗೆ ಹೋದವನು ಹೇಳಿದ ದಿನ ಬರಲಿಲ್ಲ.

“ಕಾಯಿಲೆಯಂತೆ ಕಾಯಿಲೆ! ಉಲ್ಹಾಸನಗರದ ಯಾವನೋ ಹೋಟೆಲಿನವ ಇವನನ್ನು ಎಳ್ಕೊಂಡಿದ್ದಾನೆ. ನಾನೇ ಹೋಗಿ ನೋಡ್ತೇನೆ. ಮನೆಯಲ್ಲಿ ಇಲ್ಲದಿದ್ರೆ ಇವನ ಕೆಲಸ ಮುಗೀತು,” ಎಂದರು ಅಪ್ಪ. ಮರಾಠಿ ಚೆನ್ನಾಗಿ ಬರುತ್ತದೆಂದು ಅಕ್ಕನನ್ನೂ ಜೊತೆಗೆ ಹೊರಡಿಸಿದರು. ಹಟ ಮಾಡಿ ನಾನೂ ಹೊರಟೆ.

ಬಸ್ಸು ಬೆಟ್ಟದ ಬುಡದವರೆಗೆ ಮಾತ್ರ. ಮುಂದೆ ಕಾಲುದಾರಿ. ಬಿಸಿಲಿಗೆ ಒಣಹುಲ್ಲು ಘಮಘಮಿಸುತ್ತಿತ್ತು. ಮೊದಲ ಮನೆಯ ಮುಂದೆಯೇ ಒಬ್ಬ ಹೆಂಗಸು ದಾರಿಗೆ ಅಡ್ಡ ನಿಂತಳು. ಚಹಾ ಕುಡಿಯದೆ ಯಾರೂ ಅವಳ ಅಂಗಳ ದಾಟುವಂತಿಲ್ಲವಂತೆ. ಹಾಲಿಲ್ಲದ ಕರಿ ಚಹಾ, ಬೆಲ್ಲ ಹಾಕಿದ್ದು, ನಿಂಬೆಹುಲ್ಲಿನ ವಾಸನೆ. ನಾಲಿಗೆ ಚುರ್ರೆಂದಿತು.

ಎರಡನೆಯ ಮನೆಯಲ್ಲೂ ಹಾಗೆಯೇ ಕೂರಿಸಿದರು. ಯಾರ ಮನೆಗೆ ಎಂದು ಕೇಳಿದರು. ಅಕ್ಕ ಹೇಳಿದಳು. ಕೂಡಲೇ ಮನೆಯವರು ಮುಖಮುಖ ನೋಡಿಕೊಂಡರು. ಒಬ್ಬ ಮುದುಕ ಹಿಂಬಾಗಿಲಿನಿಂದ ಹೊರಬಿದ್ದು ಸರಸರನೆ ಬೆಟ್ಟ ಹತ್ತತೊಡಗಿದ.

ಅಪ್ಪ ನನ್ನ ಭುಜ ಒತ್ತಿದರು. “ನೋಡಿದ್ಯಾ? ಸುದ್ದಿ ಮುಟ್ಟಿಸ್ಲಿಕ್ಕೆ ಹೋದ. ಇದ್ರಲ್ಲಿ ಎಂತದೋ ಉಂಟು.”

ಮೂರನೆಯ ಮನೆಯಲ್ಲಿ ನಾವು ಕೂತ ಮೇಲೆ ಮನೆಯವರು ಕಟ್ಟಿಗೆ ಆರಿಸಲು ಹೊರಟರು. ಒಲೆ ಹೊತ್ತುವಷ್ಟರಲ್ಲಿ ಅಪ್ಪ ನಾಲ್ಕು ಸಲ ವಾಚು ನೋಡಿದರು. ನನಗೆ ಈಗ ಎಲ್ಲರ ಮೇಲೂ ಅನುಮಾನ. ಬಾಗಿಲಲ್ಲಿ ಮಲಗಿದ್ದ ನಾಯಿಯೂ ನಮ್ಮನ್ನು ಕಾಯಲೆಂದೇ ಮಲಗಿದೆ ಅನಿಸಿತು.

“ಇನ್ನೊಂದು ಮನೆ ಸಿಕ್ಕಿದ್ರೆ ನನ್ನ ಹೊಟ್ಟೆಯೇ ಚಹಾದ ಕಿಟ್ಲಿ ಆಗ್ತದೆ ಅಪ್ಪ,” ಎಂದಳು ಅಕ್ಕ.

ಕೊನೆಗೆ ಚಹಾದಣ್ಣನ ಮನೆ. ಬಾಗಿಲಲ್ಲಿ ಅವನೇ ನಿಂತಿದ್ದ. ಮೈಯೆಲ್ಲ ಬೆವರು, ಏದುಸಿರು.

“ಈಗ ಓಡಿ ಬಂದೆಯಲ್ಲ! ಎಲ್ಲಿಂದ?” ಅಪ್ಪ ಗುಡುಗಿದರು.

ಅವನು ಬೆನ್ನ ಹಿಂದಿದ್ದ ಚೊಂಬನ್ನು ನಾಚುತ್ತಾ ಮುಂದೆ ತಂದ. ಅದರಲ್ಲಿ ಒಂದಿಷ್ಟು ಆಡಿನ ಹಾಲಿತ್ತು. ಒಳಗೆ ಕತ್ತಲಲ್ಲಿ ಕೌದಿ ಹೊದ್ದು ಮಲಗಿದ್ದ ಅವನ ತಾಯಿ ಕ್ಷೀಣ ದನಿಯಲ್ಲಿ ಏನೋ ಕೇಳಿದಳು.

ಅಕ್ಕ ಮೆಲ್ಲಗೆ ಹೇಳಿದಳು, “ಶೇಟ್‌ಗೆ, ಅಂದ್ರೆ ನಿಮ್ಗೆ, ಹಾಲಿನ ಚಹಾ ಕೊಟ್ಟೆಯಾ ಅಂತ ಕೇಳ್ತಿದ್ದಾಳೆ.”

ಆ ಊರಲ್ಲಿ ಯಾರೂ ಚಹಾಕ್ಕೆ ಹಾಲು ಹಾಕುತ್ತಿರಲಿಲ್ಲ. ನಾವು ಬರುವ ಸುದ್ದಿಯನ್ನು ಆ ಮುದುಕನಿಂದ ಕೇಳಿ ಅವನು ಗುಡ್ಡದ ಆಚೆಯ ಆಡು ಕಾಯುವವರ ಮನೆಗೆ ಓಡಿದ್ದ. ಅವನು ಹಿಂತಿರುಗಲೆಂದೇ ಮೂರನೆಯ ಮನೆಯವರು ನಮ್ಮನ್ನು ಅಷ್ಟು ಹೊತ್ತು ಕೂರಿಸಿಕೊಂಡಿದ್ದರು.

ಹೊಗೆವಾಸನೆಯ ಆ ಚಹಾವನ್ನು ಅಪ್ಪ ಪೂರ್ತಿ ಕುಡಿದರು. ಆಮೇಲೆ, “ಅಮ್ಮ ಎದ್ದು ಓಡಾಡಿದ ಮೇಲೆ ಬಾ. ನಿನ್ನ ಕೆಲಸ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿವರೆಗೆ ಚಹಾ ನಾನೇ ಮಾಡ್ತೇನೆ,” ಎಂದರು.

“ಶೇಟ್, ಹಾಗೆ ಮಾಡಿದ್ರೆ ಗಿರಾಕಿ ಎಲ್ಲ ಓಡ್ತದೆ!” ಎಂದ ಚಹಾದಣ್ಣ. ಅಪ್ಪನೂ ನಕ್ಕರು.

ಮಕ್ಕಳೇ, ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲೂ ಬಂದವರನ್ನು ಗೇಟಿನಲ್ಲಿ ತಡೆಯುತ್ತಾರೆ. ಮೇಲೆ ಮನೆಗೆ ಫೋನ್ ಬರುತ್ತದೆ. “ಕೌನ್ ಹೈ?” ಎಂದು ನೀವು ಕೇಳುತ್ತೀರಿ, ಬಾಗಿಲ ಕಿಂಡಿಯಲ್ಲಿ ಮುಖ ನೋಡುತ್ತೀರಿ. ನೋಡಿ, ತಪ್ಪಲ್ಲ. ನಾನೂ ನೋಡುತ್ತೇನೆ. ಆ ಬೆಟ್ಟದಲ್ಲೂ ಅತಿಥಿಗಿಂತ ಮುಂಚೆ ಸುದ್ದಿ ಮೇಲೇರುತ್ತಿತ್ತು. ಆದರೆ ಸುದ್ದಿ ಕೇಳಿದವನು ಹಾಲಿಗೆ ಓಡುತ್ತಿದ್ದ.