ಮುನವ್ವರ್ ಬೀಯ ಚಪ್ಪಲಿ

ನನಗೆ ಸಿಟ್ಟು ಬೇಗ, ಮೊದಲೇ ಹೇಳಿಬಿಡುತ್ತೇನೆ. ಮುನವ್ವರ್ ಬೀಯ ಕಾಲಿನ ವಿಷಯ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಅವಳ ಮೇಲಲ್ಲ, ನಮ್ಮೂರಿನ ಮೇಲೆ. ಊರೆಂದರೆ ಅದರಲ್ಲಿ ನಾನೂ ಬಂದೆ. ಹದಿನೆಂಟು ವರ್ಷ ಒಬ್ಬ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ಕಲ್ಲುದಾರಿಯಲ್ಲಿ ಬರಿಗಾಲಲ್ಲಿ ನಡೆದಳು, ಯಾಕೆ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ.

ಮುನವ್ವರ್ ಬೀ ರಾಯಚೂರಿನವಳು, ಬಳೆ ಮಾರುವವಳು. ಗಂಡ ಕುತುಬುದ್ದೀನನಿಗೆ ದಮ್ಮಿನ ಕಾಯಿಲೆ. ಅವನು ಮನೆಯಲ್ಲೇ ಕೂತು ಬಳೆಗಳನ್ನು ಅಳತೆ ಪ್ರಕಾರ ಆರಿಸಿ ದಾರಕ್ಕೆ ಕಟ್ಟಿಕೊಡುತ್ತಿದ್ದ. ತಿರುಗಾಟವೆಲ್ಲ ಇವಳದೇ. ಸೋಮವಾರ ದೇವದುರ್ಗದ ಕಡೆಯ ಹಳ್ಳಿಗಳು, ಗುರುವಾರ ಮಾನ್ವಿ ಕಡೆಯವು. ನಮ್ಮೂರು ದೇವದುರ್ಗದ ರಸ್ತೆಯಿಂದ ಎರಡು ಮೈಲಿ ಒಳಗೆ. ರಸ್ತೆಯ ಮೇಲೆ ಒಂದು ಬೇವಿನ ಗಿಡ, ಅದೇ ನಮ್ಮ ಬಸ್ ಸ್ಟ್ಯಾಂಡು. ಅಲ್ಲಿ ಇಳಿದ ಕೂಡಲೇ ಅವಳು ಚಪ್ಪಲಿ ಕಳೆದು, ಧೂಳು ಜಾಡಿಸಿ, ಕೈಚೀಲದೊಳಗೆ ಹಾಕುತ್ತಿದ್ದಳು. ಆಮೇಲೆ ಬುಟ್ಟಿ ತಲೆಗೇರುತ್ತಿತ್ತು. ವಾಪಸ್ ಬಂದು ಅದೇ ಗಿಡದ ಬುಡಕ್ಕೆ ಬುಟ್ಟಿ ಇಳಿಸಿದ ಮೇಲೆಯೇ ಚಪ್ಪಲಿ ಮತ್ತೆ ಕಾಲಿಗೆ ಬರುವುದು.

ನಾನು ಸಣ್ಣವಳಿದ್ದಾಗ ಒಮ್ಮೆ ಅವ್ವನನ್ನು ಕೇಳಿದ್ದೆ. ಅವ್ವ ಯಂಕಮ್ಮ ನನ್ನ ಬಾಯಿಯ ಮೇಲೆ ಕೈ ಇಟ್ಟಳು.

"ಅದು ಅವರ ನೇಮ. ಬಳಿ ಹೊತ್ತಾಗ ಕಾಲಾಗ ಏನೂ ಹಾಕಾಂಗಿಲ್ಲ ಅವರು. ಆಕಿ ಮುಂದ ಕೇಳಿ ಗೀಳೀಯ. ಒಬ್ಬರ ನೇಮದ ಮಾತು ನಮಗ್ಯಾಕ ಬೇಕು?"

ಹಾಗಾಗಿ ಊರಿನ ಹೆಂಗಸರೆಲ್ಲ ಅವಳನ್ನು ಹಿಂದಿನಿಂದ 'ನೇಮದ ಬೀ' ಎನ್ನುತ್ತಿದ್ದರು. ಬೇರೆ ಬಳೆಗಾರರು ಬರುತ್ತಿದ್ದರು, ಚಪ್ಪಲಿ ಹಾಕಿಕೊಂಡೇ ಬರುತ್ತಿದ್ದರು. ನಮ್ಮವರು ಅವರ ಬಳೆಯನ್ನು ಎತ್ತಿ ನೋಡಿ ಕೆಳಗಿಡುವರು. ಮದುವೆಯಿರಲಿ, ಬಸುರಿಯ ಕುಬಸವಿರಲಿ, ನೇಮದ ಬೀಯೇ ಬಂದು ಇಡಬೇಕು. ಅವಳ ಕೈಗುಣವೂ ಹಾಗಿತ್ತೆನ್ನಿ. ಹೊಲದ ಕೆಲಸ ಮಾಡಿ ಮರಗಟ್ಟಿದ ಕೈಯನ್ನು ಹಿಡಿದು, ಹೆಬ್ಬೆರಳಿನ ಬುಡವನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿ, ಮಾತಾಡುತ್ತಾ ಮಾತಾಡುತ್ತಾ ಬಳೆ ಏರಿಸಿಬಿಡುವಳು. ನೋವು ಗೊತ್ತಾಗುವ ಹೊತ್ತಿಗೆ ಡಜನ್ ಬಳೆ ಕೈಯಲ್ಲಿರುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ನನ್ನ ಮದುವೆಯಾಯಿತು, ಮಾನ್ವಿಗೆ ಕೊಟ್ಟರು. ಆ ವರ್ಷವೇ ಅವಳ ಹಿಮ್ಮಡದ ನೋವು ಶುರುವಾದದ್ದು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಮೊಳೆಯ ಮೇಲೆ ಇಟ್ಟ ಹಾಗೆ. ಹತ್ತು ಹೆಜ್ಜೆ ನಡೆದರೆ ಸ್ವಲ್ಪ ತಗ್ಗುವುದು. ಕೂತು ಎದ್ದರೆ ಮತ್ತೆ ಅದೇ. ಕೂತು ಏಳುವುದೇ ಅವಳ ಕಸುಬು, ಮನೆಮನೆಗೂ ಕೂರಬೇಕು, ಏಳಬೇಕು. ಇದಕ್ಕೇನು ಹೇಳೋಣ.

ಮಾನ್ವಿಯಲ್ಲಿ ನಮ್ಮ ಮನೆ ಬಸ್ ಸ್ಟ್ಯಾಂಡಿನ ಹಿಂದೆಯೇ ಇದ್ದುದರಿಂದ ಗುರುವಾರಗಳಂದು ಅವಳ ಪಾಡು ಕಣ್ಣಾರೆ ನೋಡಿದ್ದೇನೆ, ಎಷ್ಟೋ ಸಲ ಅದೇ ಬಸ್ಸಿನಲ್ಲಿ ಬಂದದ್ದೂ ಇದೆ. ಬಸ್ಸಿನಲ್ಲಿ ಡ್ರೈವರನ ಪಕ್ಕದ ಇಂಜಿನ್ ಡಬ್ಬಿಯ ಹತ್ತಿರವೇ ಕೂರುತ್ತಿದ್ದಳು. ಅದು ಕಾದಿರುತ್ತದಲ್ಲ, ಹಿಮ್ಮಡವನ್ನು ಅದಕ್ಕೆ ಆನಿಸಿ ಶಾಖ ಕೊಡುತ್ತಾ ಬರುವಳು. ಊರು ಇನ್ನೊಂದು ಮೈಲಿ ಇದೆ ಎನ್ನುವಾಗಲೇ ಎದ್ದು, ಕಂಬಿ ಹಿಡಿದು, ತುದಿಗಾಲ ಮೇಲೆ ಏಳುವುದು ಇಳಿಯುವುದು ಮಾಡುವಳು. ಮೊದಲ ಹೆಜ್ಜೆಯ ನೋವು ಬಸ್ಸಿನೊಳಗೇ ಮುಗಿದುಹೋಗಲಿ, ನಾಲ್ಕು ಜನರ ಮುಂದೆ ಕುಂಟಬಾರದು ಎಂದು. ಹೊಸ ಕಂಡಕ್ಟರ್ ಯಾರಾದರೂ "ಕೂಡ್ರು ಬೇ, ಬೀಳ್ತಿ" ಎಂದು ಗದರಿದರೆ ಹಳೆಯ ಪ್ರಯಾಣಿಕರೇ ಅವನಿಗೆ ತಿಳಿಸಿ ಹೇಳುತ್ತಿದ್ದರು.

ರಾಯಚೂರಿನಲ್ಲಿ ಡಾಕ್ಟರು ಸೂಜಿ ಹಾಕಿದರು. ಹತ್ತು ದಿನ ಹಾಯೆನಿಸಿತು, ಹನ್ನೊಂದನೆಯ ದಿನ ನೋವು ವಾಪಸ್ಸಾಯಿತು. ಬರಿಗಾಲಲ್ಲಿ ನಡೆಯುವುದನ್ನು ಬಿಡು, ಇಲ್ಲದಿದ್ದರೆ ನನ್ನ ಹತ್ತಿರ ಬರಬೇಡ ಎಂದು ಡಾಕ್ಟರು ಕೈ ತೊಳೆದುಕೊಂಡರಂತೆ. ಅವಳು ಹೂಂ ಎಂದು ಬಂದು, ಸೋಮವಾರ ಬೇವಿನ ಗಿಡದ ಕೆಳಗೆ ಮತ್ತೆ ಚಪ್ಪಲಿ ಕಳೆದಳು.

ಎಂಬತ್ತೊಂದರ ಬೇಸಿಗೆಯಲ್ಲಿ ನನಗೆ ಏಳು ತಿಂಗಳು. ತವರಿನಲ್ಲಿ ಕುಬಸ. ಹಸಿರು ಬಳೆ ಇಡಿಸಬೇಕು. ಮುನವ್ವರ್ ಬೀ ಬರದಿದ್ದರೆ ನಾನು ಕೈಯನ್ನೇ ಚಾಚುವುದಿಲ್ಲ ಎಂದು ಹಟ ಹಿಡಿದಿದ್ದೆ. ಹೇಳಿಕಳಿಸಿದ್ದಾಯಿತು. ಅವಳು ಬಂದಳು. ಆದರೆ ಎರಡು ಮೈಲಿಗೆ ಅವಳಿಗೆ ಹಿಡಿದ ಹೊತ್ತು ನೋಡಿ: ಬಸ್ಸು ಹೋದ ಸದ್ದು ಕೇಳಿದ ಮೇಲೆ ಅವ್ವ ಜೋಳದ ರೊಟ್ಟಿಯ ಒಂದು ಬುಟ್ಟಿ ಬಡಿದು ಮುಗಿಸಿದಳು, ಇವಳು ಇನ್ನೂ ಬಂದಿರಲಿಲ್ಲ. ನೆಲವೋ, ಕಾದ ಹಂಚು.

ಬಂದವಳು ನಗುತ್ತಲೇ ಕೂತಳು. ನನ್ನ ಕೈ ಹಿಡಿದು ಒತ್ತಿದಳು. ಎರಡೂ ಕೈಗೆ ಹಸಿರು ಬಳೆ ಏರಿದವು, ಒಂದೂ ಒಡೆಯಲಿಲ್ಲ. ಅವ್ವ ಅವಳಿಗೆ ಸೆರಗಿನಲ್ಲಿ ಅಕ್ಕಿ, ಬೆಲ್ಲ ಹಾಕಿದಳು. ಅವಳು ಏಳಲು ಹೋದಳು. ಒಂದು ಹೆಜ್ಜೆ ಇಟ್ಟಳೋ ಇಲ್ಲವೋ, ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದಳು. ಅಕ್ಕಿ ಎಲ್ಲ ನೆಲದ ಮೇಲೆ ಚೆಲ್ಲಿತು. ಹದಿನೆಂಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

"ಮಾಫ್ ಮಾಡ್ರಿ ಯವ್ವಾ, ಒಳ್ಳೆ ದಿನ ಕಣ್ಣೀರು ಹಾಕಿದೆ," ಎಂದಳು. "ಇದು ನನ್ನ ಕಡೀ ಬಳಿ. ಇನ್ನ ಹಳ್ಳಿ ತಿರುಗೋದು ನನ್ನ ಕೈಲೆ ಆಗಾಂಗಿಲ್ಲ. ಬೇಟೀದು ಕುಬಸ ಒಂದು ಮುಗಿಸಿ ಬಿಡಬೇಕಂತ ಬಂದೆ."

ಅವಳು ತಿರುಗುವುದು ಬಿಟ್ಟರೆ ಆ ಮನೆ ನಡೆಯುವುದು ಹೇಗೆ? ದಮ್ಮಿನ ಗಂಡ, ಹಾಸಿಗೆ ಹಿಡಿದ ಅತ್ತೆ. ಆಗ ಅಂಗಳದಿಂದ ನಮ್ಮಪ್ಪ ಬೂದೆಪ್ಪ ಒಳಗೆ ಬಂದ. ಕುರಿ ಹಿಂಡಿನ ಹಿಂದೆ ಕೃಷ್ಣೆಯ ದಂಡೆಯತನಕ ನಡೆದು ಬರುವ ಮನುಷ್ಯ. ನನ್ನ ಸಿಟ್ಟೆಲ್ಲ ಅವನದೇ ಬಳುವಳಿ.

"ಏನ್ ಬೀ, ಡಾಕ್ಟರು ಏನಂದ್ರು?"

"ಬರಿಗಾಲಲೆ ನಡೀಬ್ಯಾಡ ಅಂದ್ರು ಯಪ್ಪಾ."

"ಮತ್ತ ಯಾಕ ನಡಿಯಾಕತ್ತಿ? ನಿನ್ನ ನೇಮ ಕಾಲಿಗಿಂತ ದೊಡ್ಡದೇನು? ನಿಮ್ಮ ಮಂದಿಯೊಳಗ ಹಿರೇರಿರ್ತಾರಲ್ಲ, ಕಾಲು ಹಿಂಗ ಆಗೇದ ಅಂತ ಹೇಳು. ಬಿಡಾಕ ಒಪ್ತಾರ. ಒಪ್ಪದಿದ್ರ ನಾ ಬಂದು ಮಾತಾಡ್ತೀನಿ ನಡಿ."

ಮುನವ್ವರ್ ಬೀ ಕಣ್ಣು ಒರೆಸಿಕೊಂಡು ಅವನನ್ನೇ ನೋಡಿದಳು.

"ನಮ್ಮದು ಯಾವ ನೇಮ ಯಪ್ಪಾ? ನಮ್ಮ ಕಡಿ ಅಂಥಾದ್ದೇನಿಲ್ಲ. ಇದು ನಿಮ್ಮ ಊರಿನ ರಿವಾಜು ಅಲ್ಲೇನು? ಬಳಿ ಅಂದ್ರ ನಿಮಗ ದೇವರಿದ್ದಂಗ, ಚಪ್ಪಲಿ ಮೆಟ್ಟಿ ತರಬಾರದು ಅಂತ..."

ಅವ್ವನ ಕೈಯಲ್ಲಿದ್ದ ಕುಂಕುಮದ ಬಟ್ಟಲು ಹಾಗೇ ನಿಂತಿತು. ಅಪ್ಪ ಅವ್ವನ ಮುಖ ನೋಡಿದ, ಅವ್ವ ಅಪ್ಪನ ಮುಖ ನೋಡಿದಳು.

"ನಮ್ಮೂರಾಗ ಅಂಥಾದ್ದು ಯಾವಾಗ ಇತ್ತವ್ವ?" ಎಂದಳು ಅವ್ವ ಕೊನೆಗೆ. "ನಿಮ್ಮತ್ತಿ ರಂಜಾನಬಿ ಚಪ್ಪಲಿ ಹಾಕ್ಕೊಂಡೇ ಬರ್ತಿದ್ಲಲ್ಲ. ನೀ ಬಂದ ಮ್ಯಾಲ ಬರಿಗಾಲಲೆ ಬಂದಿ. ಸೊಸಿ ಅತ್ತಿಗಿಂತ ನೇಮದಾಕಿ ಅಂತ ಊರೆಲ್ಲ ಮಾತಾಡಿಕೊಂಡ್ವಿ."

"ಅತ್ತಿ ಚಪ್ಪಲಿ ಹಾಕ್ಕೊಂಡು ಬರ್ತಿದ್ರಾ?"

ಆಗ ಅವಳು ಹೇಳಿದ್ದು ಇಷ್ಟು. ಹೊಸ ಸೊಸೆಯಾಗಿದ್ದಾಗ ಅತ್ತೆ ಅವಳನ್ನು ನಮ್ಮೂರಿಗೆ ಕರೆದುಕೊಂಡು ಬಂದದ್ದು ಒಂದೇ ದಿನ. ಬೇವಿನ ಗಿಡದ ಕೆಳಗೆ ಬಸ್ಸಿಳಿದು, "ಚಪ್ಪಲಿ ತೆಗಿ, ಚೀಲದಾಗ ಹಾಕು, ಆಮ್ಯಾಲೆ ಬುಟ್ಟಿ ಎತ್ತು" ಎಂದಿದ್ದಳು. ತಾನೂ ತೆಗೆದಿದ್ದಳು. ಯಾಕೆ ಎಂದು ಕೇಳಲು ಹೊಸ ಸೊಸೆಗೆ ಬಾಯಿ ಎಲ್ಲಿ? ಮರುವಾರವೇ ರಂಜಾನಬಿಯ ಮೊಣಕಾಲು ಹಿಡಿದುಕೊಂಡಿತು. ಅವತ್ತಿನಿಂದ ಬುಟ್ಟಿ ಸೊಸೆಯ ತಲೆಗೆ ಬಂತು, ಜೊತೆಗೆ ಆ ಮಾತೂ ಬಂತು. ನಮ್ಮೂರು ಒಂದೇ ಅಲ್ಲ, ಎರಡೂ ತಾಲೂಕಿನ ಎಲ್ಲ ಹಳ್ಳಿಗಳಲ್ಲೂ ಅವಳು ಹಾಗೇ ನಡೆದಿದ್ದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಕೇಳಬ್ಯಾಡ ಅಂತ ಬಾಯಿ ಮುಚ್ಚಿಸಿದ್ದಿಯಲ್ಲ, ನೋಡೀಗ," ಎಂದು ಅವ್ವನ ಮೇಲೆ ಹರಿಹಾಯ್ದೆ. ಅವ್ವನಿಗೆ ಬೈಗುಳ ತಾಗಲೇ ಇಲ್ಲ. ಅವಳಿಗೆ ನಗು ಶುರುವಾಗಿತ್ತು. ಮುನವ್ವರ್ ಬೀಗೂ ಹಿಡಿಯಿತು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಗುತ್ತಾ ಅಳುತ್ತಾ ನೆಲದ ಮೇಲಿನ ಅಕ್ಕಿ ಬಳಿದರು.

ಅಪ್ಪ ಮಾತ್ರ ನಗಲಿಲ್ಲ. "ಚೀಲದಾಗಿನ ಚಪ್ಪಲಿ ತಗಿ," ಎಂದ. ಟೈರಿನ ಅಟ್ಟೆಯ ಚಪ್ಪಲಿಗಳು, ನಡೆದದ್ದು ಕಡಿಮೆಯಾದ್ದರಿಂದ ಹೊಸವೇ. ಅಪ್ಪ ಹೆಗಲ ಮೇಲಿನ ಕಂಬಳಿ ತೆಗೆದು, ಕುರಿಗೂದಲು ಕತ್ತರಿಸುವ ಕತ್ತರಿಯಿಂದ ಅದರ ಮೂಲೆ ಕತ್ತರಿಸಿದ. ನನ್ನ ಮದುವೆಯಲ್ಲಿ ಕೂಡ ಆ ಕಂಬಳಿಯನ್ನು ಯಾರಿಗೂ ಕೂರಲು ಹಾಸಿಕೊಟ್ಟವನಲ್ಲ. ನಡುವೆ ತೂತಿರುವ ಹಾಗೆ ಬಳೆಯಂತೆ ದುಂಡಗೆ ಕತ್ತರಿಸಿ, ಎರಡು ಪದರ ಮಾಡಿ, ದಬ್ಬಣದಿಂದ ಚಪ್ಪಲಿಯ ಹಿಂಭಾಗಕ್ಕೆ ಹೊಲಿದ.

"ನೋವಿನ ಜಾಗ ಈ ತೂತಿನಾಗ ಬರ್ತದ, ನೆಲಕ್ಕ ಹತ್ತಾಂಗಿಲ್ಲ. ಮುಂಜಾನಿ ಹಾಸಿಗಿ ಬಿಡೂ ಮೊದಲ ಟವೆಲ್ ಕಾಲ್ಬೆರಳಿಗಿ ಹಾಕಿ ನಿನ್ನ ಕಡಿ ಜಗ್ಗು, ಇಪ್ಪತ್ತು ಎಣಿಸು. ಬಸ್ ಇಳಿಯೂ ಮೊದಲೂ ಹಂಗ ಮಾಡು. ಕುರಿ ಕಾಯೋರು ನಾವು, ಹಿಮ್ಮಡದ ಸುದ್ದಿ ನಮಗ ಕೇಳಬೇಕಿತ್ತು ನೀ."

ಅವ್ವ ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಸಿ, ಅವಳ ಕಾಲನ್ನು ಅದರ ಮೇಲೆ ಇಡಿಸಿದಳು. ಸಂಜೆ ಬಂಡಿಯಲ್ಲಿ ಕೂರಿಸಿ ರಸ್ತೆಗೆ ಬಿಟ್ಟು ಬಂದೆವು. ಬಂಡಿ ಹತ್ತುವಾಗ ಚಪ್ಪಲಿ ಕಳೆಯಲು ಬಗ್ಗಿದಳು. "ಬೀ," ಎಂದ ಅಪ್ಪ, ಅಷ್ಟೇ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಮುಂದಿನೆರಡು ಸೋಮವಾರ ಅವಳು ಬರಲಿಲ್ಲ. ಮೂರನೆಯ ಸೋಮವಾರ ಬಂದಳು. ಬಂದವಳು ಊರ ಬಾಗಿಲಲ್ಲಿ, ಬಾವಿಯ ಹತ್ತಿರ ನಿಂತುಬಿಟ್ಟಿದ್ದಾಳೆ ಎಂದು ಸುದ್ದಿ ಬಂತು. ತಲೆಯ ಮೇಲೆ ಬುಟ್ಟಿ, ಕಾಲಲ್ಲಿ ಚಪ್ಪಲಿ, ಮುಂದೆ ಹೆಜ್ಜೆ ಬರುತ್ತಿಲ್ಲ. ನನಗೆ ಅವಳ ಭಯ ಗೊತ್ತಾಯಿತು. 'ನೇಮದ ಬೀ' ಎಂದು ಕೊಳ್ಳುತ್ತಿದ್ದವರು ನೇಮವೇ ಇರಲಿಲ್ಲ ಎಂದರೆ ಕೊಳ್ಳುತ್ತಾರೆಯೇ? ಅವ್ವ ಹೋಗಿ ಅವಳ ಕೈ ಹಿಡಿದು ನಡುಬೀದಿಯಲ್ಲೇ ಕರೆದುಕೊಂಡು ಬಂದಳು. ಕಟ್ಟೆಯ ಮೇಲಿದ್ದ ಮುದುಕಿ ಕೆಳಗೆ ಚಪ್ಪಲಿ ನೋಡಿದಳು, ಮೇಲೆ ಮುಖ ನೋಡಿದಳು, "ಕೆಂಪು ಬಳಿ ತಂದೀಯೇನಬೇ?" ಎಂದು ಕೈ ಚಾಚಿದಳು. ಮಿಕ್ಕವರೂ ಸುತ್ತ ಕೂತರು.

ಅತ್ತೆಯನ್ನು ಕೇಳಿದ ಕಥೆಯನ್ನೂ ಅವತ್ತೇ ಹೇಳಿದಳು. ರಂಜಾನಬಿಗೆ ಆ ದಿನ ಚೆನ್ನಾಗಿ ನೆನಪಿತ್ತಂತೆ. "ಅವತ್ತು ಮಳಿ ಬಂದಿತ್ತಲ್ಲ. ಎರೀ ಮಣ್ಣಿನ ಕೆಸರಾಗ ಚಪ್ಪಲಿ ಜಾರಿ ಬಿದ್ರ ಬುಟ್ಟಿಯಾಗಿನ ಬಳಿ ಒಡದು ಹೋಗ್ತಾವ ಅಂತ ತೆಗಿ ಅಂದಿದ್ದೆ," ಎಂದಳಂತೆ. ಆಮೇಲೆ ಸೊಸೆಯ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಎಣ್ಣೆ ತಿಕ್ಕಿದಳಂತೆ.

ನೋವು ಒಂದೇ ಸಲ ಹೋಗಲಿಲ್ಲ. ನಾಲ್ಕು ತಿಂಗಳು ಹಿಡಿಯಿತು. ಟವೆಲ್ ಜಗ್ಗುವುದು, ಇಂಜಿನ್ ಡಬ್ಬಿಯ ಶಾಖ, ಅಪ್ಪನ ಕಂಬಳಿ, ಎಲ್ಲ ಸೇರಿ ಅದು ತಾನಾಗಿ ಸವೆಯುತ್ತಾ ಹೋಯಿತು. ನನಗೆ ಹೆಣ್ಣು ಹುಟ್ಟಿ, ಕೂಸಿನ ಕೈಗೆ ಕರಿಬಳೆ ಇಡುವ ದಿನ ಬಂತು. ಹಿಂದಿನ ದಿನದಿಂದ ಜಿಟಿಜಿಟಿ ಮಳೆ. ದಾರಿಯೆಲ್ಲ ಎರೆಮಣ್ಣು, ಪಾದ ಹೂತರೆ ಏಳುವುದಿಲ್ಲ.

ಮುನವ್ವರ್ ಬೀ ಬಂದಾಗ ಸೀರೆ ಮೊಣಕಾಲತನಕ ಕೆಸರು. ಕಾಲು ತೊಳೆದು ಒಳಗೆ ಬಂದು ಕೂತಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಬಳೆ ಇಡಲು ಹೋದವಳು ಅದನ್ನು ಮತ್ತೆ ಬುಟ್ಟಿಗೆ ಇಟ್ಟಳು. ಕಣ್ಣು ತುಂಬಿದ್ದವು. ಮತ್ತೆ ನೋವು ಶುರುವಾಯಿತೇ ಎಂದು ನನಗೆ ಗಾಬರಿ.

"ಇಲ್ಲ ಬೇಟಿ," ಎಂದಳು. "ಕೆಸರಿತ್ತಲ್ಲ, ಚಪ್ಪಲಿ ಚೀಲದಾಗ ಹಾಕ್ಕೊಂಡು ಬಂದೆ. ಬಾವಿಯಿಂದ ನಿಮ್ಮ ಮನಿತನಕ ಬರೂದರಾಗ ಹನ್ನೊಂದು ಮಂದಿ ಕೇಳಿದ್ರು, ಬೀ ಯಾಕ ಬರಿಗಾಲಲೆ ಬಂದಿ ಅಂತ."